ಬೀಗತಿಯ ಚೀಸ್ ತಟ್ಟೆ

ಈಸ್ಟ್‌ಗೇಟ್, ಮೊದಲ ಸಂಜೆ

ವಿಮಾನದಲ್ಲಿ ಕೊಟ್ಟದ್ದನ್ನು ಊಟ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹಾಗಾಗಿ ಸಿಯಾಟಲ್‌ನಲ್ಲಿ ಇಳಿದಾಗ ನಾನು ಹಸಿದಿದ್ದೆ, ಹಸಿದಾಗ ನಾನು ಒಳ್ಳೆಯ ಪ್ರವಾಸಿಯಲ್ಲ. ತಂಗಿ ಶೀಲಾ ಕಾರು ನಡೆಸುತ್ತ ಸರೋವರ ತೋರಿಸಿದಳು, ನೀರಿನ ಮೇಲೆ ತೇಲುವ ಸೇತುವೆ ತೋರಿಸಿದಳು, ದೂರದಲ್ಲಿ ಹಿಮ ಹೊದ್ದ ಪರ್ವತ ತೋರಿಸಿದಳು. ನಾನು "ಹೂಂ, ಚಂದ ಅದ" ಎನ್ನುತ್ತ ಮನೆಯಲ್ಲಿ ಏನು ಅಡುಗೆಯಾಗಿರಬಹುದು ಎಂದು ಯೋಚಿಸುತ್ತಿದ್ದೆ.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಲಿಸುವುದು ಹೊಟ್ಟೆಪಾಡಿಗೆ, ಉಣ್ಣುವುದು ಪ್ರೀತಿಗೆ. ಶೀಲಾ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ಅಲ್ಲಿಯ ಪ್ರಯೋಗಾಲಯದಲ್ಲೇ ಉಳಿದುಕೊಂಡು, ಲೂಕ್ ಎಂಬ ಫ್ರೆಂಚ್ ಹುಡುಗನನ್ನು ಮದುವೆಯಾದಳು. ಅವನು ವಿಮಾನದ ರೆಕ್ಕೆಗಳ ಲೆಕ್ಕ ಮಾಡುವ ಎಂಜಿನಿಯರ್. ರಿಜಿಸ್ಟರ್ ಮದುವೆ. ಆ ಕಡೆಯವರೂ ಬರಲಿಲ್ಲ, ಈ ಕಡೆಯವರೂ ಹೋಗಲಿಲ್ಲ. ಅಪ್ಪ ಕೆಲವು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದು, ಆಮೇಲೆ ಫೋನಿನಲ್ಲಿ ಅಳಿಯನಿಗೆ "ಹಲೋ, ಹೌ ಆರ್ ಯೂ" ಎನ್ನುವಷ್ಟಕ್ಕೆ ಇಳಿದಿದ್ದರು. ಇಲ್ಲಿಯ ಬೇಸಿಗೆಗೆಂದು, ನನ್ನಿಂದ ಶಾಲೆಗೆ ಉದ್ದ ರಜೆ ಹಾಕಿಸಿ, ಶೀಲಾ ನನ್ನನ್ನೂ ಲೂಕ್‌ನ ತಾಯಿಯನ್ನೂ ಒಟ್ಟಿಗೇ ಕರೆಸಿದ್ದಳು. "ಬೀಗರು ಬೀಗರು ಒಂದು ಸಲನರ ಮುಖಾ ನೋಡ್ಬೇಕಲ್ಲಾ ಅಕ್ಕಾ" ಎಂದು ಅವಳ ವಾದ.

ಈಸ್ಟ್‌ಗೇಟ್‌ನ ಅವಳ ಮನೆಯ ಬಾಗಿಲು ತೆರೆದವರು ಬೀಗತಿಯೇ. ಹೆಸರು ಒಡೆಟ್. ಎಪ್ಪತ್ತು ದಾಟಿದ, ಸಣಕಲು ದೇಹದ, ಬಿಗಿಯಾಗಿ ಏಪ್ರನ್ ಕಟ್ಟಿಕೊಂಡ ಹೆಂಗಸು. ನಾನು ಕೈ ಮುಗಿದೆ. ಅವರು ಅದೇ ಹೊತ್ತಿಗೆ ಕೆನ್ನೆಗೆ ಕೆನ್ನೆ ತಾಗಿಸಲು ಮುಂದೆ ಬಂದರು. ಮುಗಿದ ನನ್ನ ಕೈಗಳು ಇಬ್ಬರ ನಡುವೆ ಸಿಕ್ಕಿಕೊಂಡು ಅವರ ಗದ್ದಕ್ಕೆ ತಿವಿದವು. ಹೀಗೆ ಶುರುವಾಯಿತು ನಮ್ಮ ಬೀಗತನ.

ಶೀಲಾ ಒಂದು ಬಟ್ಟಲಿಗೆ ಕಾರ್ನ್‌ಫ್ಲೇಕ್ಸ್ ಸುರಿದುಕೊಂಡು ಹಾಲು ಹಾಕಿದಳು. "ಅಕ್ಕಾ, ನೀವಿಬ್ಬರೂ ಊಟ ಮಾಡ್ರಿ. ನಂದೊಂದು ಡೇಟಾ ಕಳಸೂದದ" ಎಂದು ಲ್ಯಾಪ್‌ಟಾಪಿನ ಹತ್ತಿರ ಮಹಡಿಗೆ ಹೋದಳು. ಲೂಕ್ ಇನ್ನೂ ಬಂದಿರಲಿಲ್ಲ. ಅಕ್ಕ ಏಳು ಸಮುದ್ರ ದಾಟಿ ಬಂದಿದ್ದಾಳೆ, ತಂಗಿ ಹಾಲಿನಲ್ಲಿ ನೆನೆದ ಜೋಳದ ಚಕ್ಕೆ ತಿನ್ನುತ್ತಿದ್ದಾಳೆ!

ಮೇಜಿನ ಎದುರುಬದುರು ನಾನು ಮತ್ತು ಬೀಗತಿ. ಅವರಿಗೆ ಬರುವ ಇಂಗ್ಲಿಷ್ ಒಂದು ಹಿಡಿ, ನನಗೆ ಬರುವ ಫ್ರೆಂಚ್ ಸೊನ್ನೆ. ಮೊದಲು ಸೂಪು ಬಂತು. ಅದು ಮುಗಿದು, ಬಟ್ಟಲು ಎತ್ತಿ, ತುಸು ಹೊತ್ತು ಕಾದ ಮೇಲೆ ಬೇಯಿಸಿದ ಆಲೂಗಡ್ಡೆ ಬಂತು. ಅದನ್ನೂ ಎತ್ತಿದ ಮೇಲೆ ಬರೀ ಎಲೆಗಳು. ನಮ್ಮಲ್ಲಿ ತಾಟಿನ ತುಂಬ ಎಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ, ಎಷ್ಟು ಉಣ್ಣಬೇಕು ಎಂದು ಹೊಟ್ಟೆಗೆ ಮೊದಲೇ ತಿಳಿಯುತ್ತದೆ. ಇಲ್ಲಿ ಮುಂದೇನು ಎಂದು ಗೊತ್ತಿಲ್ಲದೆ ಹಸಿವನ್ನು ಹಿಡಿದು ಕೂರಬೇಕು.

ಕೊನೆಗೆ ಮರದ ಹಲಗೆಯ ಮೇಲೆ ಚೀಸ್ ಬಂತು. ಒಂದು ಬಿಳಿ ಚರ್ಮದ್ದು, ನಡುವೆ ಕೆನೆಯಂತೆ ಜಾರುತ್ತಿತ್ತು. ಇನ್ನೊಂದು ಗುಂಡಗಿನ ಪುಟ್ಟ ಬಿಲ್ಲೆ, ಆಡಿನ ಹಾಲಿನದು. ಮೂರನೆಯದರಲ್ಲಿ ನೀಲಿ ಗೆರೆಗಳು. ಬೀಗತಿ ಹಲಗೆಯನ್ನು ನನ್ನತ್ತ ಚಾಚಿದರು. ನನ್ನ ಬಾಯಲ್ಲಿ ನೀರು. ಆದರೆ ಮೊದಲ ಸಲ ಕೇಳಿದ ಕೂಡಲೇ ಕೈ ಹಾಕುವುದು ಸಭ್ಯರ ಲಕ್ಷಣವಲ್ಲ ಎಂದು ಬೆಳೆದವಳು ನಾನು. ನಕ್ಕು, ತಲೆಯಾಡಿಸಿ, "ಬ್ಯಾಡ್ರಿ" ಅಂದೆ.

ನಮ್ಮ ಕಡೆ ಇದರ ಅರ್ಥ, ಇನ್ನೊಂದು ಸಲ ಒತ್ತಾಯ ಮಾಡಿರಿ ಎಂದು. ಅವರ ಕಡೆ ಇದರ ಅರ್ಥ, ಬೇಡ ಎಂದು. ಅವರು ತಮಗೆ ಬೇಕಾದಷ್ಟು ಕತ್ತರಿಸಿಕೊಂಡು, ಬ್ರೆಡ್ಡಿನ ಜೊತೆ ಕಣ್ಣು ಅರೆಮುಚ್ಚಿ ತಿಂದು, ಹಲಗೆಗೆ ಗಾಜಿನ ಮುಚ್ಚಳ ಹಾಕಿ ಒಳಗಿಟ್ಟುಬಿಟ್ಟರು. ನಾನು ನೋಡುತ್ತ ಕುಳಿತೆ. ಅವರಲ್ಲಿ ಚೀಸ್ ಎರಡನೇ ಸಲ ಸುತ್ತು ಬರುವುದೇ ಇಲ್ಲವಂತೆ. ಇದನ್ನು ಶೀಲಾ ಮರುದಿನ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಈಸ್ಟ್‌ಗೇಟ್, ಮರುದಿನದಿಂದ

ಎರಡನೇ ಸಂಜೆ ಹಲಗೆ ಮೇಜಿಗೆ ತಾಗುವ ಮುಂಚೆಯೇ ಚಾಕು ಕೈಗೆತ್ತಿಕೊಂಡೆ. ಬಿಳಿ ಚೀಸಿನ ತ್ರಿಕೋನದ ತುಂಡಿತ್ತಲ್ಲ, ಅದರ ಚೂಪಾದ ಮೃದು ತುದಿಯನ್ನು ಅಡ್ಡಡ್ಡ ಕತ್ತರಿಸಿ ತಟ್ಟೆಗೆ ಹಾಕಿಕೊಂಡೆ. ಬೀಗತಿ "ಓ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ನನ್ನ ಚಾಕು ಕಸಿದು, ತಮ್ಮ ಮೂಗನ್ನೂ ಆ ತುದಿಯನ್ನೂ ಮುಟ್ಟಿ ತೋರಿಸಿದರು, ಅದು ಚೀಸಿನ ಮೂಗು ಎಂದು. ಅತ್ಯಂತ ರುಚಿಯಾದ ಭಾಗ ಅದು, ಅದನ್ನು ಒಬ್ಬರೇ ತೆಗೆದುಕೊಳ್ಳಬಾರದು. ಪ್ರತಿಯೊಬ್ಬರೂ ಮೂಗಿನಿಂದ ಬೆನ್ನಿನವರೆಗೆ ಉದ್ದುದ್ದ ಸೀಳಿಕೊಳ್ಳಬೇಕು, ಎಲ್ಲರ ಪಾಲಿಗೂ ಮೃದುವಾದದ್ದೂ ಗಟ್ಟಿಯಾದದ್ದೂ ಬರಬೇಕು. ನ್ಯಾಯ ಸರಿಯಾದದ್ದೇ. ಆದರೆ ಮನೆಗೆ ಬಂದವಳ ಕೈಯಿಂದ ಚಾಕು ಕಸಿದುಕೊಂಡು ಪಾಠ ಮಾಡುವುದು ಯಾವ ನ್ಯಾಯ?

ಅವಮಾನ ನುಂಗಿ, ಮೂಗನ್ನೂ ನುಂಗಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅದರ ವಾಸನೆ ಮಳೆಗಾಲದಲ್ಲಿ ಒಣಗದೆ ಉಳಿದ ಅರಿವೆಯದು, ಸುಳ್ಳು ಹೇಳುವುದಿಲ್ಲ. ಆದರೆ ನಾಲಿಗೆಗೆ ತಾಗಿದ್ದು ಬೇರೆಯೇ. ಮೊದಲು ಉಪ್ಪು, ಆಮೇಲೆ ಆಗತಾನೇ ಕಡೆದ ಬೆಣ್ಣೆ, ಆಮೇಲೆ ಅಣಬೆಯಂಥದೇನೋ ಒಂದು, ಕಟ್ಟಕಡೆಗೆ ಅಂಗುಳಕ್ಕೆ ಅಂಟಿ ಉಳಿಯುವ ಸಣ್ಣ ಒಗರು. ಈದ ಎಮ್ಮೆಯ ಮೊದಲ ಹಾಲಿನ ಗಿಣ್ಣ ತಿಂದವರಿಗೆ ಇದು ಅರ್ಧ ಪರಿಚಿತ, ಅರ್ಧ ಅಪರಿಚಿತ. ಹಾಲು ಒಡೆದರೆ ನಮ್ಮ ಮನೆಯಲ್ಲಿ ಬೆಳಗೇ ಕೆಡುತ್ತದೆ. ಇವರು ಬೇಕೆಂದೇ ಒಡೆದು, ಬೂಷ್ಟು ಹಿಡಿಸಿ, ಮಗುವನ್ನು ಮಗ್ಗಲು ತಿರುಗಿಸಿದಂತೆ ದಿನವೂ ತಿರುಗಿಸುತ್ತ ತಿಂಗಳುಗಟ್ಟಲೆ ಕಾಯುತ್ತಾರೆ. ಕಾದದ್ದು ವ್ಯರ್ಥವಲ್ಲ.

ಚೀಸನ್ನು ಪ್ರೀತಿಸುವುದು ಸುಲಭವಾಯಿತು, ಅದನ್ನು ಇಟ್ಟುಕೊಂಡವರನ್ನಲ್ಲ. ಮಧ್ಯಾಹ್ನ ಅವರು ಚೀಸನ್ನು ಫ್ರಿಜ್ಜಿನಿಂದ ತೆಗೆದು ಹೊರಗಿಡುತ್ತಿದ್ದರು, ತಣ್ಣಗಿದ್ದರೆ ಅದಕ್ಕೆ ರುಚಿಯಿಲ್ಲವಂತೆ. ಕೆಡುತ್ತದೆ ಎಂದು ನಾನು ಒಳಗಿಡುತ್ತಿದ್ದೆ. ಅವರು ಮತ್ತೆ ತೆಗೆಯುತ್ತಿದ್ದರು. ನಾನು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಉಂಡರೆ ಅವರಿಗೆ ಕಿರಿಕಿರಿ, ಎರಡೂ ಕೈ ಮೇಜಿನ ಮೇಲೆ ಕಾಣುವಂತಿರಬೇಕು. ಅವರು ಬ್ರೆಡ್ಡನ್ನು ತಟ್ಟೆಯಿಲ್ಲದೆ ಮೇಜಿನ ಮೇಲೇ ಇಟ್ಟು ಎಡಗೈಯಿಂದ ಮುರಿದು ತಿಂದರೆ ನನಗೆ ಕಿರಿಕಿರಿ. ಸಂಜೆ ನಾಲ್ಕಕ್ಕೆ ನಾನು ಚಹಾ ಇಟ್ಟು ಊರಿಂದ ತಂದ ಅವಲಕ್ಕಿ ಚೂಡಾದ ಡಬ್ಬಿ ತೆಗೆದರೆ ಅವರು ಗಡಿಯಾರ ತೋರಿಸಿ "ನೋ!" ಅನ್ನುತ್ತಿದ್ದರು. ಎರಡು ಊಟಗಳ ನಡುವೆ ತಿಂದರೆ ಹಸಿವೆಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲವಂತೆ. ಚೂಡಾಕ್ಕೆ ಯಾರು ಮರ್ಯಾದೆ ಕೊಡಬೇಕು?

ಒಂದು ದಿನ ಹಟದಿಂದ ಜೋಳದ ರೊಟ್ಟಿ ಬಡಿದೆ. ಅವರು ಬಿಸಿ ರೊಟ್ಟಿಯ ಮೇಲೆ ಆಡಿನ ಚೀಸು ಸವರಿಕೊಂಡು ತಿಂದರು. ನಾನೂ ತಿಂದೆ. ಅದು ಎಷ್ಟು ಚೆನ್ನಾಗಿತ್ತೆಂದರೆ ಇಬ್ಬರೂ ಕ್ಷಣಹೊತ್ತು ಜಗಳ ಮರೆತೆವು. ಫ್ರೆಂಚರ ಗಂಟಲಿನಲ್ಲಿ 'ರ'ಕಾರ ಹೊರಳುವುದಿಲ್ಲ, 'ಹ' ಆಗಿಬಿಡುತ್ತದೆ. ಅಂದಿನಿಂದ ಅವರು ದಿನವೂ ನನ್ನ ಮುಂದೆ ನಿಂತು "ಹೊಟ್ಟಿ? ಹೊಟ್ಟಿ?" ಎಂದು ಕೇಳತೊಡಗಿದರು. ಧಾರವಾಡದವಳ ಎದುರು ಹೊಟ್ಟಿ ಹೊಟ್ಟಿ ಎಂದರೆ ಏನು ಹೇಳುವುದು?

ಇಷ್ಟರಲ್ಲಿ ನಿಜವಾದ ತಲೆನೋವು ಬೇರೆಯೇ ಇತ್ತು. ಶೀಲಾಳ ರಾತ್ರಿಯೂಟಕ್ಕೆ ಕಾರ್ನ್‌ಫ್ಲೇಕ್ಸ್, ಲ್ಯಾಪ್‌ಟಾಪಿನ ಮುಂದೆ. ಲೂಕ್ ಬರುವಾಗ ಕಾರಿನಲ್ಲೇ ಏನಾದರೂ ತಿಂದು ಬರುತ್ತಿದ್ದ, ಇಲ್ಲವೇ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಂತೇ ಏನನ್ನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಊಟದ ಮೇಜಿಗೆ ಇದ್ದದ್ದೇ ಎರಡು ಕುರ್ಚಿ. ಅವುಗಳ ಮೇಲೂ ನಾವು ಬರುವ ಮುಂಚೆ ಕಾಗದದ ರಾಶಿಯಿತ್ತಂತೆ. ನಾನು ಬಂದು ವಾರವಾದರೂ ಗಂಡ ಹೆಂಡತಿ ಒಂದು ತುತ್ತನ್ನೂ ಒಟ್ಟಿಗೆ ಉಂಡದ್ದನ್ನು ಕಾಣಲಿಲ್ಲ.

"ಯಾಕವಾ, ಇಬ್ಬರೂ ಮಾತು ಬಿಟ್ಟೀರೇನು?" ಅಂದೆ.

"ಏನ್ ಅಕ್ಕಾ ನೀನು! ಬಿಜಿ ಅದೀವಿ, ಅಷ್ಟ. ಇಬ್ಬರಿಗೂ ಡೆಡ್‌ಲೈನ್ ಅದ. ಇಲ್ಲೆ ಎಲ್ಲಾರೂ ಹಿಂಗ."

"ಎಲ್ಲಾರೂ ಹಿಂಗಂದ್ರ ಎಲ್ಲಾರ್ದೂ ಕೆಟ್ಟದ."

ಅವಳು ನಕ್ಕು ಮಹಡಿ ಹತ್ತಿದಳು.

ಸಿಯಾಟಲ್, ಚೀಸಿನ ಅಂಗಡಿ

ಶನಿವಾರ ಬೀಗತಿ ನನ್ನ ತೋಳು ಹಿಡಿದು ಬಸ್ಸಿಗೆ ಎಳೆದುಕೊಂಡು ಹೋದರು. ಎಲ್ಲಿಗೆ ಎಂದು ಕೇಳಿದರೆ "ವೇಟ್." ಒಂದು ಬಸ್ಸು ಇಳಿದು ಇನ್ನೊಂದು ಬಸ್ಸು ಹತ್ತಿಸಿದರು. ಇಂಗ್ಲಿಷ್ ಬಲ್ಲ ನಾನು ದಾರಿ ತಪ್ಪಿದವಳಂತೆ ಅವರ ಹಿಂದೆ, ಇಂಗ್ಲಿಷ್ ಬರದ ಅವರು ಊರ ಗೌಡತಿಯಂತೆ ಮುಂದೆ.

ಅದೊಂದು ಇಕ್ಕಟ್ಟಾದ ಚೀಸಿನ ಅಂಗಡಿ. ಬೀಗತಿ ಚೀಸಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು, ಮೂಸಿದರು, ಕೆಳಗಿಟ್ಟರು, ಇನ್ನೊಂದು ಎತ್ತಿದರು. ಧಾರವಾಡದ ಸಂತೆಯಲ್ಲಿ ಆಪೂಸ್ ಮಾವು ಆರಿಸುವಾಗ ನಾನೂ ಮಾಡುವುದು ಇದನ್ನೇ, ಅಂಗಡಿಯವನು ಬೈಯುವುದೂ ಇದಕ್ಕೇ. ಇಲ್ಲಿಯವಳು ಬೈಯಲಿಲ್ಲ, ನಗುತ್ತ ನಿಂತಿದ್ದಳು. ಬೀಗತಿ ಅವಳೊಡನೆ ಕೈಸನ್ನೆಯಲ್ಲೇ ವಾದ ಮಾಡಿದರು, ನನ್ನ ಕಡೆ ಬೆರಳು ತೋರಿಸುತ್ತ. ನನಗೆ ರೇಗಿತು. ನನ್ನ ಬಗ್ಗೆ ಏನು ಚಾಡಿ?

"ಏನಂತಾರೆ ಇವರು?" ಎಂದು ಅಂಗಡಿಯವಳನ್ನು ಕೇಳಿದೆ.

"ಓ, ಇವರು ಎರಡು ವಾರದ ಹಿಂದೆಯೂ ಬಂದಿದ್ದರು" ಅಂದಳು ಅವಳು. "ಮಗನಿಂದ ಇಂಗ್ಲಿಷಿನಲ್ಲಿ ಚೀಟಿ ಬರೆಸಿಕೊಂಡು ಬಂದಿದ್ದರು. ಸೊಸೆಯ ಅಕ್ಕ ಬರುತ್ತಾಳೆ, ಅವಳು ಮಾಂಸ ತಿನ್ನುವುದಿಲ್ಲ, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿದ ಚೀಸು ಬೇಡ ಅಂತ. ಅಂಥದ್ದು ಹುಡುಕಲು ಈ ಊರಿನ ಎಲ್ಲ ಅಂಗಡಿ ಸುತ್ತಿದ್ದಾರಂತೆ. ನಾನೇ ಮೂರು ತೋರಿಸಿದೆ. ನಾಲ್ಕನೆಯದು ಬೇಕಂತೆ ಈಗ."

ಈ ಹೆಪ್ಪಿನ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ಶೀಲಾ ಮೊದಲ ದಿನವೇ "ಹೆದರಬ್ಯಾಡ, ಇದರೊಳಗ ಅದಿಲ್ಲ" ಅಂದಿದ್ದಳು. ಆದರೆ ಅದಕ್ಕಾಗಿ ಯಾರು ಅಲೆದಿದ್ದಾರೆ ಎಂದು ಹೇಳಿರಲಿಲ್ಲ. ನಾನು ಬೀಗತಿಯ ಮುಖ ನೋಡಿದೆ. ಅವರು ಬೂದಿ ಬಳಿದ ಒಂದು ಬಿಲ್ಲೆಯನ್ನು ನನ್ನ ಮೂಗಿಗೇ ಹಿಡಿದು "ಗುಡ್?" ಎಂದರು. ಗುಡ್ ಎಂದೆ. ಮನೆಗೆ ಬರುವಾಗ ತಪ್ಪು ಬಸ್ಸು ಹತ್ತಿಸಿದರು, ಆದರೂ ನಾನು ಸಿಟ್ಟಾಗಲಿಲ್ಲ. ಹೆಚ್ಚು ಸಿಟ್ಟಾಗಲಿಲ್ಲ.

ಎಜುಕೇಶನ್ ಹಿಲ್, ರೆಡ್ಮಂಡ್

ಅಲ್ಲಿ ಶೀಲಾಳ ಗೆಳತಿ ರಶ್ಮಿ, ಬೆಂಗಳೂರಿನವಳು, ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಳು. ಲೂಕ್‌ಗೆ ಕೆಲಸವಿತ್ತು, ಬರಲಿಲ್ಲ. ಏಳಕ್ಕೆ ಊಟ ಎಂದಿದ್ದರಿಂದ ಬೀಗತಿ ಏಳಕ್ಕೆ ಸರಿಯಾಗಿ ಮೇಜಿನ ಮುಂದೆ ಕುಳಿತರು, ಎರಡೂ ಕೈ ಮೇಜಿನ ಮೇಲೆ. ಬಂದದ್ದು ಚಿಪ್ಸು, ಸಮೋಸಾ, ಕರಿದ ಗೋಡಂಬಿ. ಎಲ್ಲರೂ ಕಾಗದದ ತಟ್ಟೆ ಹಿಡಿದು ನಿಂತು, ನಡೆದು, ಸೋಫಾದ ಅಂಚಿಗೆ ಒರಗಿ ತಿಂದರು. ಇದೇ ಊಟವಿರಬೇಕೆಂದು ಬೀಗತಿ ಮರ್ಯಾದೆಯಿಂದ ತಿಂದು ಮುಗಿಸಿದರು. ನಿಜವಾದ ಊಟ ಬಂದಾಗ ಒಂಬತ್ತೂವರೆ, ಹೊರಗೆ ಇನ್ನೂ ಬೆಳಕು. ಬಿಸಿಬೇಳೆಭಾತು ನೋಡಿ ಅವರ ಮುಖ ಬಿಳಿಚಿಕೊಂಡಿತು.

ಅಡುಗೆಮನೆಯಲ್ಲಿ ನಾನು ಹಪ್ಪಳ ಕರಿಯುತ್ತಿದ್ದಾಗ ರಶ್ಮಿ ಬಳಿ ಬಂದು ನಿಂತಳು. "ನಿಮ್ಮ ಶೀಲಾ ಲಕ್ಕಿ ಬಿಡಿ ಅಕ್ಕ, ಇನ್ನು ಫ್ರಾನ್ಸಲ್ಲಿ ಇರ್ತಾಳೆ."

"ಫ್ರಾನ್ಸೊಳಗ? ಯಾರಂದ್ರು?"

"ಅಯ್ಯೋ, ನಿಮಗೆ ಹೇಳಿಲ್ವಾ? ಲೂಕ್‌ಗೆ ಅಲ್ಲಿ ಪೋಸ್ಟ್ ಆಫರ್ ಮಾಡಿದಾರಂತೆ. ನಮ್ಮೆಜಮಾನ್ರು ಅದೇ ಆಫೀಸಲ್ವಾ, ಅವರೇ ಹೇಳಿದ್ರು. ಮೂರು ತಿಂಗಳಾಯ್ತೇನೋ. ಅವಳ ಅತ್ತೆ, ಮಗನ್ನ ಕರ್ಕೊಂಡ್ ಹೋಗೋಕೇ ಬಂದಿದಾರೆ ಅಂದ್ಕೊಂಡಿದ್ದೆ ನಾನು."

ಹಪ್ಪಳ ಕಪ್ಪಾಯಿತು. ಪಕ್ಕದ ಕೋಣೆಯಲ್ಲಿ ಶೀಲಾ ಯಾರಿಗೋ ತನ್ನ ಪ್ರಯೋಗಾಲಯದ ಹೊಸ ಯೋಜನೆಯ ವಿಷಯ ಹೇಳುತ್ತಿದ್ದಳು. ಇನ್ನೆರಡು ವರ್ಷ ಇದನ್ನು ಬಿಟ್ಟು ಅಲ್ಲಾಡುವುದಿಲ್ಲ ಎನ್ನುತ್ತಿದ್ದಳು. ಅವಳಿಗೆ ಗೊತ್ತಿಲ್ಲ ಎಂಬುದು ಅವಳ ದನಿಯಲ್ಲೇ ತಿಳಿಯುತ್ತಿತ್ತು. ಬೀಗತಿ ಮೂಲೆಯಲ್ಲಿ ಕುಳಿತು ಭಾತಿನಿಂದ ಒಂದೊಂದೇ ಬಟಾಣಿ ಆರಿಸುತ್ತಿದ್ದರು. ಚೀಸು, ಹೆಪ್ಪು, ಬಸ್ಸು ಎಲ್ಲ ಮರೆತು ನಾನು ಆ ಮುದುಕಿಯನ್ನು ದುರುಗುಟ್ಟಿ ನೋಡಿದೆ. ಇದಕ್ಕೇನಾ ಈ ಉಪಚಾರ?

ಟಕ್ವಿಲಾ

ಕೆಲವು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ಶೀಲಾಗೆ ಹೇಳಿದರೆ ಮನೆ ಒಡೆದವಳು ನಾನಾಗುತ್ತೇನೆ. ಲೂಕ್ ಕೈಗೆ ಸಿಗುವುದಿಲ್ಲ. ಬೀಗತಿಯನ್ನು ಕೇಳೋಣವೆಂದರೆ ಭಾಷೆಯಿಲ್ಲ. ಭಾಷೆಯಿಲ್ಲದೆ ಜಗಳವಾಡುವುದು ಎಷ್ಟು ದಣಿವಿನ ಕೆಲಸವೆಂದು ನಾನು ಅಲ್ಲಿ ಕಲಿತೆ.

ಇಷ್ಟರಲ್ಲಿ ಬೀಗತಿಗೆ ಇನ್ನೆರಡು ಕುರ್ಚಿ ಬೇಕಾದವು. ಮೇಜಿಗೆ ನಾಲ್ಕು ಕುರ್ಚಿ ಇರಲೇಬೇಕಂತೆ. ಲೂಕ್‌ನ ಆಫೀಸು ಟಕ್ವಿಲಾದ ಕಡೆಗಿದ್ದುದರಿಂದ, ಬೆಳಿಗ್ಗೆ ನಮ್ಮಿಬ್ಬರನ್ನೂ ಅಲ್ಲಿಯ ದೊಡ್ಡ ಮಾಲ್‌ನ ಹತ್ತಿರ ಬಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತೇನೆ ಎಂದು ಹೋದ. ನಾವು ಎರಡು ಮಡಚುವ ಕುರ್ಚಿ, ಒಂದು ಮೇಜುಬಟ್ಟೆ ಕೊಂಡು ಪಾರ್ಕಿಂಗ್ ಜಾಗದ ಅಂಚಿನಲ್ಲಿ ನಿಂತೆವು. ಮಧ್ಯಾಹ್ನವಾಯಿತು. ಲೂಕ್ ಬರಲಿಲ್ಲ. ಒಳಗೆ ತಿನ್ನಲು ಬೇಕಾದಷ್ಟು ಅಂಗಡಿಗಳಿದ್ದವು, ಜನ ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನುತ್ತಿದ್ದರು. ಅವರನ್ನು ನೋಡಿ ಬೀಗತಿ ಅನ್ನ ಚೆಲ್ಲಿದವರನ್ನು ನೋಡುವಂತೆ ಮುಖ ಮಾಡಿದರು. ಆಮೇಲೆ ಮಡಚಿದ ಕುರ್ಚಿಗಳನ್ನು ಬಿಡಿಸಿದರು. ಒಂದು ಮರದ ನೆರಳಲ್ಲಿ ಎದುರುಬದುರು ಇಟ್ಟರು. ನಡುವೆ ಖಾಲಿ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಹೊಸ ಮೇಜುಬಟ್ಟೆ. ಚೀಲದಿಂದ ಬ್ರೆಡ್ಡು, ಚೀಸು, ಪುಟ್ಟ ಚಾಕು, ಎರಡು ಪೀಚ್ ಹಣ್ಣು ಹೊರಬಂದವು.

ನಾಚಿಕೆಯಿಂದ ನಾನು ಸೆರಗನ್ನು ಮುಖದವರೆಗೆ ಎಳೆದುಕೊಂಡೆ. ಸುತ್ತಲೂ ಕಾರು, ನಡುವೆ ಸೀರೆಯುಟ್ಟ ನಾನು ಮತ್ತು ಮನೆಯ ಏಪ್ರನ್ನಿನಲ್ಲೇ ಬಂದಿದ್ದ ಅವರು, ಮದುವೆ ಮನೆಯಲ್ಲಿ ಕೂತಂತೆ! ಮಾಲ್‌ನ ಕಾವಲುಗಾರ ಪುಟ್ಟ ಗಾಡಿಯಲ್ಲಿ ಬಂದು ನಿಲ್ಲಿಸಿ, "ಎಲ್ಲ ಸರಿಯಾಗಿದೆಯಾ, ಮೇಡಂ?" ಎಂದ. ಬೀಗತಿ ಬ್ರೆಡ್ಡಿಗೆ ಚೀಸು ಹಚ್ಚಿ ಅವನತ್ತ ಚಾಚಿದರು. ಅವನು ಅದನ್ನು ಮೂಸಿ, ಥ್ಯಾಂಕ್ಸ್ ಹೇಳಿ, ಗಾಡಿ ತಿರುಗಿಸಿಕೊಂಡು ಹೋದ. ತಿಂದನೋ ಎಸೆದನೋ ಗೊತ್ತಿಲ್ಲ.

ಬಿಸಿಲಿಗೆ ಚೀಸು ಕರಗಿ ಹದವಾಗಿತ್ತು. ಎಷ್ಟು ಸಿಟ್ಟಿದ್ದರೂ ತಿಂದೆ. ಅವರು ನನ್ನ ಪಾಲಿಗೆ ಮೂಗಿನ ಕಡೆಯಿಂದಲೇ ಅಗಲವಾಗಿ ಸೀಳಿಕೊಟ್ಟರು.

ಲೂಕ್ ಬಂದಾಗ ಮಧ್ಯಾಹ್ನ ಇಳಿದಿತ್ತು. ಬೆವರಿದ್ದ. "ಕ್ಷಮಿಸು ಅಕಾ, ಮೀಟಿಂಗ್ ಮುಗಿಯಲಿಲ್ಲ" ಎಂದ. 'ಅಕ್ಕಾ' ಅವನ ಬಾಯಲ್ಲಿ ಯಾವಾಗಲೂ 'ಅಕಾ'. ಕಾರು ಹೊರಟ ಮೇಲೆ ಕೇಳಿಯೇಬಿಟ್ಟೆ, ಇಂಗ್ಲಿಷಿನಲ್ಲಿ.

"ಫ್ರಾನ್ಸಿನ ಕೆಲಸದ ಮೀಟಿಂಗಾ?"

ಕಾರು ಒಂದು ಸಲ ಅತ್ತ ಸರಿದು ಇತ್ತ ಬಂತು. "ನಿನಗೆ ಯಾರು ಹೇಳಿದರು?"

"ಅದಿರಲಿ. ಶೀಲಾಗೆ ಯಾರು ಹೇಳಿದ್ದಾರೆ?"

ಅವನು ಕನ್ನಡಿಯಲ್ಲಿ ತಾಯಿಯತ್ತ ಒಮ್ಮೆ ನೋಡಿದ. "ಹೇಳಬೇಕು ಅಂತಲೇ ಇದ್ದೇನೆ ಅಕಾ. ಸಮಯ ಸಿಗುವುದಿಲ್ಲ. ನಾನು ಬಂದಾಗ ಅವಳು ಮೇಲಿರುತ್ತಾಳೆ, ಅವಳು ಕೆಳಗೆ ಬಂದಾಗ ನಾನು ಮಲಗಿರುತ್ತೇನೆ. ಇಂಥದ್ದನ್ನು ಮೆಟ್ಟಿಲ ಮೇಲೆ ನಿಂತು ಹೇಳಲಾಗುತ್ತದೆಯೇ?"

"ಮೂರು ತಿಂಗಳಲ್ಲಿ ಒಂದು ಊಟದ ಹೊತ್ತು ಸಿಗಲಿಲ್ಲವೇನು ನಿಮಗೆ?" ಹೈಸ್ಕೂಲಿನಲ್ಲಿ ಕೊನೆಯ ಬೆಂಚಿನವರಿಗೆ ಕೇಳುವಂತೆ ನಾನು ಕೂಗಿದ್ದೆ.

ಹಿಂದಿನ ಸೀಟಿನಿಂದ ಬೀಗತಿ ಏನದು ಎಂದು ಮಗನನ್ನು ಕೇಳಿದರು. ಅವನು ತೊದಲುತ್ತ ಹೇಳಿದ. ಆಮೇಲೆ ಆ ಸಣಕಲು ದೇಹದಿಂದ ಹೊರಟ ದನಿ ಇದೆಯಲ್ಲ, ಕಾರಿನ ಗಾಜು ನಡುಗಿತು. ಮಾತು ಒಂದೂ ತಿಳಿಯಲಿಲ್ಲ, ಅರ್ಥ ಪೂರಾ ತಿಳಿಯಿತು. ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಅವರು ಮುಂದೆ ಬಾಗಿ ನನ್ನ ಭುಜ ತಟ್ಟಿ, ಮಗನ ತಲೆಯತ್ತ ಬೆರಳು ತೋರಿಸಿ, ತಮ್ಮ ಹಣೆಗೆ ಬಡಿದುಕೊಂಡರು. ನಾನೂ ಹಣೆ ಬಡಿದುಕೊಂಡೆ.

ಈಸ್ಟ್‌ಗೇಟ್, ನಾಲ್ಕು ಕುರ್ಚಿ

ಅಂದು ಸಂಜೆಯ ಅಡುಗೆ ಇಬ್ಬರದೂ. ಅವರ ಸೂಪು, ನನ್ನ ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ. ಅವರು ರೊಟ್ಟಿಯನ್ನಷ್ಟೇ ಮೊದಲು ಬಡಿಸಲು ಹೊರಟರು, ನಾನು ತಡೆದೆ. ಎಣ್ಣೆಗಾಯಿಯನ್ನು ಆಮೇಲೆ ಬೇರೆ ತಟ್ಟೆಯಲ್ಲಿ ಕೊಡೋಣ ಎಂದು ಸನ್ನೆ ಮಾಡಿದರು. ರೊಟ್ಟಿಗೆ ಪಲ್ಯ ಬೇಡವೆ? ಒಂದು ತುಂಡು ಮುರಿದು, ಎಣ್ಣೆಗಾಯಿ ಹಚ್ಚಿ, ಅವರ ಬಾಯಿಗೇ ಇಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೆ ವಾದ ನಿಂತಿತು.

ಶೀಲಾ ಚೀಲ ಇಳಿಸುತ್ತ ಮೇಜು ನೋಡಿದಳು. "ಯಾರ್ ಬರಾಕತ್ತಾರ?"

"ನೀನ. ಕುಂದ್ರು."

"ಅಕ್ಕಾ, ನಂಗ ಇವತ್ತು ರಿಪೋರ್ಟ್ ಕಳಸೂದದ. ಇಟ್ಟಿರು, ಆಮ್ಯಾಲೆ ಬಿಸಿ ಮಾಡ್ಕೊಂಡ್ ತಿಂತೀನಿ."

"ಬಿಸಿ ಮಾಡ್ಕೊಂಡು ತಿನ್ನೂದು ಬೆಕ್ಕು ತಿಂದಂಗ. ಕುಂದ್ರಂತ ಹೇಳಿದೆ!"

"ನೀ ಇಲ್ಲೆ ಬಂದು ಅವ್ವನಂಗ ಮಾಡಬ್ಯಾಡ!"

ಅದೇ ಹೊತ್ತಿಗೆ ಅಡುಗೆಮನೆಯ ಇನ್ನೊಂದು ತುದಿಯಲ್ಲಿ ಫೋನು ಕಿವಿಗಿಟ್ಟುಕೊಂಡ ಲೂಕ್‌ಗೆ ಬೀಗತಿ ಫ್ರೆಂಚಿನಲ್ಲಿ ಶುರು ಮಾಡಿದ್ದರು. ನಾನು ಉಸಿರೆಳೆದಾಗ ಅವರ ದನಿ, ಅವರು ಉಸಿರೆಳೆದಾಗ ನನ್ನ ದನಿ. ಶೀಲಾ ನನ್ನನ್ನೂ ಅತ್ತೆಯನ್ನೂ ಒಂದು ಸಲ ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕುಳಿತಳು. ಬೀಗತಿ ಮಗನ ಕೈಯಿಂದ ಫೋನು ತೆಗೆದು ನನ್ನ ರೊಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದರು.

ಸೂಪು ಮುಗಿಯಿತು. ಎಣ್ಣೆಗಾಯಿಯ ಹೊತ್ತಿಗೆ ಶೀಲಾ, "ಅಕ್ಕಾ, ಇದು ಅವ್ವನ ಕೈಯಂಗ ಆಗೇದ" ಅಂದಳು. ಲೂಕ್ ಬೆರಳಿನಿಂದ ತಟ್ಟೆ ಒರೆಸಿದ. ಅವನು ನಡುವೆ "ಶೀಲಾ, ನಾನೊಂದು..." ಎಂದು ಬಾಯಿ ತೆರೆದ. ಬೀಗತಿ ಕೈ ಎತ್ತಿದರು. "ನೋ." ಅವರ ಮನೆಯಲ್ಲಿ ಕಷ್ಟದ ಮಾತು ಏನಿದ್ದರೂ ಚೀಸು ಬಂದ ಮೇಲೆಯೇ ಆಡುವುದಂತೆ. ಅಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ, ಎದ್ದು ಹೋಗುವ ಅವಸರ ಇರುವುದಿಲ್ಲ. ಇದನ್ನು ಲೂಕ್‌ನೇ ನನಗೆ ತಗ್ಗಿದ ದನಿಯಲ್ಲಿ ಹೇಳಿದ, ಗಲ್ಲುಗಂಬಕ್ಕೆ ಹೋಗುವವನಂತೆ.

ಚೀಸು ಬಂತು. ಹಲಗೆ ಸುತ್ತಿತು. ಎಲ್ಲರ ತಟ್ಟೆಯಲ್ಲೂ ತುಂಡು ಬಿದ್ದ ಮೇಲೆ ಲೂಕ್ ಹೇಳಿದ.

ಶೀಲಾ ಚಾಕು ಕೆಳಗಿಟ್ಟಳು. "ಯಾವಾಗ ಕೇಳಿದರು?"

"ಮಾರ್ಚ್‌ನಲ್ಲಿ."

"ಈಗ ಜೂನ್, ಲೂಕ್."

ಅವಳು ಎದ್ದು ಹಿತ್ತಲ ಬಾಗಿಲು ತೆರೆದುಕೊಂಡು ಹೊರಗೆ ಹೋದಳು. ನಾನೂ ಎದ್ದೆ. ಬೀಗತಿ ನನ್ನ ಮಣಿಕಟ್ಟು ಹಿಡಿದರು. ಆ ಮುದುಕಿಯ ಹಿಡಿತ ಎಂಥದು! ನನ್ನನ್ನು ಕೂರಿಸಿ, ಕಣ್ಣಿನಲ್ಲೇ ಮಗನನ್ನು ಎಬ್ಬಿಸಿದರು. ಅವನು ಶೀಲಾಳ ತಟ್ಟೆಯನ್ನೂ ಎತ್ತಿಕೊಂಡು ಹೊರಗೆ ಹೋದ.

ಊಟದ ನಡುವೆ ಒಬ್ಬರು ಎದ್ದುಹೋದರೆ ನಮ್ಮಲ್ಲಿ ಇಡೀ ಮನೆಯೇ ಬೆನ್ನು ಹತ್ತಿ ಸಮಾಧಾನಕ್ಕೆ ಓಡುತ್ತದೆ. ಇಲ್ಲಿ ನಾನು ಕೂರಬೇಕು. ಕಿಟಕಿಯಾಚೆ ತಂಗಿ ಬೇಲಿಯ ಹತ್ತಿರ ನಿಂತಿದ್ದಾಳೆ, ಹೆದ್ದಾರಿಯ ಗದ್ದಲದಲ್ಲಿ ಅವಳು ಕೂಗುವುದು ಕೇಳಿಸುತ್ತಿಲ್ಲ, ಕೈ ಬೀಸುವುದು ಮಾತ್ರ ಕಾಣುತ್ತಿದೆ. ಬೀಗತಿ ನನ್ನ ತಟ್ಟೆಯತ್ತ ಗದ್ದ ಎತ್ತಿ ತೋರಿಸಿದರು, ತಿನ್ನು ಎಂದು. ಎಂಥ ಕಲ್ಲೆದೆ ಎಂದುಕೊಂಡೆ. ಆಗ ನೋಡಿದರೆ ಅವರ ಕಣ್ಣು ಕಿಟಕಿಯತ್ತ, ಚಾಕು ಬ್ರೆಡ್ಡು ಬಿಟ್ಟು ಮೇಜುಬಟ್ಟೆಗೆ ಚೀಸು ಸವರುತ್ತಿತ್ತು. ನಾನು ತಿಂದೆ, ಅವರೂ ತಿಂದರು. ಬೂದಿ ಬಳಿದ ಆ ಆಡಿನ ಚೀಸಿನಷ್ಟು ರುಚಿಯಾದದ್ದನ್ನು ನಾನು ಆ ಪ್ರವಾಸದಲ್ಲಿ ಬೇರೆ ತಿನ್ನಲಿಲ್ಲ. ಅಂಥ ಹೊತ್ತಿನಲ್ಲಿ ಅದು ರುಚಿಸಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಬೆಳಕು ಆರುವ ಹೊತ್ತಿಗೆ ಇಬ್ಬರೂ ಒಳಗೆ ಬಂದರು. ತಟ್ಟೆ ಖಾಲಿಯಾಗಿತ್ತು. ಶೀಲಾಳ ಕಣ್ಣು ಕೆಂಪಗಿದ್ದವು.

"ನಿನಗ ಗೊತ್ತಿತ್ತೇನ್ ಅಕ್ಕಾ?"

"ಗೊತ್ತಿತ್ತು. ರಶ್ಮಿ ಹೇಳಿದ್ಲು."

"ರಶ್ಮಿಗೂ ಗೊತ್ತು! ನನಗೊಬ್ಬಾಕಿಗೆ ಬಿಟ್ಟು ಊರಿಗೆಲ್ಲಾ ಗೊತ್ತು." ಕುರ್ಚಿ ಎಳೆದು ಧಪ್ಪನೆ ಕುಳಿತು ಬ್ರೆಡ್ಡು ಮುರಿದಳು. "ಬ್ರೆಡ್ ಇನ್ನೂ ಅದ ಏನು? ಹಸಿವ್ಯಾಗೇದ ನಂಗ."

ವಿಮಾನ ನಿಲ್ದಾಣ

ಮುಂದಿನ ದಿನಗಳು ಸುಖದವಲ್ಲ. ಗಂಡ ಹೆಂಡತಿ ಜಗಳವಾಡಿದರು, ಆದರೆ ಮೇಜಿನ ಮುಂದೆ ಕುಳಿತು ಆಡಿದರು. ಶೀಲಾ ಯೋಜನೆ ಬಿಡುವುದಿಲ್ಲ ಎಂದಳು. ಲೂಕ್ ಒಂದು ವರ್ಷ ತಡೆಯಿರಿ ಎಂದು ಆ ಕಂಪನಿಗೆ ಬರೆದ. ಅವರು ಎಂಟು ತಿಂಗಳು ಎಂದರು. ಶೀಲಾ ಅಲ್ಲಿಯ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಉತ್ತರ ಬರುವ ತನಕ ಹೂಂ ಅನ್ನುವುದಿಲ್ಲ ಎಂದಳು. ನನ್ನನ್ನು ಕೇಳಿದ್ದರೆ ಯಾರೂ ಎಲ್ಲಿಗೂ ಹೋಗಬೇಡಿ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ನಾನು ಹೊರಡುವ ಹಿಂದಿನ ದಿನ ಶೀಲಾ ಪ್ರಯೋಗಾಲಯದಿಂದ ಬರುತ್ತಲೇ ಉತ್ತರ ಬಂದಿದೆ ಎಂದಳು. ಒಪ್ಪಿದ್ದಾರೆ, ಯೋಜನೆಯ ಕೆಲಸವನ್ನೂ ಅಲ್ಲಿಂದಲೇ ಮುಂದುವರಿಸಬಹುದಂತೆ. ಚಳಿಗಾಲ ಕಳೆದ ಮೇಲೆ ಹೋಗುವುದು. ಬೀಗತಿ ಸಂತೋಷವನ್ನು ಮುಚ್ಚಿಡಲು ಪಾತ್ರೆ ತೊಳೆಯತೊಡಗಿದರು, ತೊಳೆದದ್ದನ್ನೇ ಮತ್ತೆ ತೊಳೆದರು. ನನಗೆ ಸಂಕಟ. ಪಾಪ, ಅದನ್ನು ಕಂಡು ಅವರು ಒದ್ದೆ ಕೈಯಲ್ಲೇ ನನ್ನ ಗಲ್ಲ ಹಿಡಿದರು. ಈ ಸಲ ನನ್ನ ಕೈಗಳು ಅಡ್ಡ ಬರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಶೀಲಾಗೆ ಕೇಳಿದೆ. "ಅಪ್ಪಗ ಏನಂತ ಹೇಳೂದು? ಅಮೆರಿಕಾಕ್ಕ ಈಗ ಹೊಂದ್ಕೊಂಡಾರ. ಮತ್ತ ಇನ್ನೊಂದು ದೇಶಾ ಅಂದ್ರ ಸಿಟ್ಟಾಗ್ತಾರ. ನೀನ ಫೋನ್ ಮಾಡಿ ಹೇಳು."

"ಬ್ಯಾಡ ಅಕ್ಕಾ, ನೀನ ಹೇಳು. ಫೋನಿನ್ಯಾಗ ಬ್ಯಾಡ." ಅವಳು ನನ್ನ ಚೀಲದ ಪಟ್ಟಿ ಸರಿಮಾಡಿದಳು. "ಹೋದಕೂಡ್ಲೆನೂ ಹೇಳಬ್ಯಾಡ. ಎದುರಿಗೆ ಕುಂತು ಅಪ್ಪನ ಜೋಡಿ ಊಟಾ ಮಾಡು. ಮೊಸರನ್ನಕ್ಕ ಬಂದ ಮ್ಯಾಲೆ ಹೇಳು."